25 ಗ್ರಾಂ ಮೈಲುತುತ್ತದಲ್ಲಿ ತಾಮ್ರ ಎಷ್ಟು?

ಪ್ರಶ್ನೆ:
ಮಗಳ ಜೊತೆ ಕೂತು ಈ ಲೆಕ್ಕ ಮಾಡ್ತಿದ್ದೆ. ನೀಲಿ ಹರಳಿನ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, 25 ಗ್ರಾಂ. ಪರಮಾಣು ತೂಕ ತಾಮ್ರಕ್ಕೆ 63.5, ಗಂಧಕಕ್ಕೆ 32, ನಾಲ್ಕು ಆಮ್ಲಜನಕ ಸೇರಿ 64, ಒಟ್ಟು 159.5. 63.5ನ್ನು 159.5ರಿಂದ ಭಾಗಿಸಿ 25ರಿಂದ ಗುಣಿಸಿದರೆ 9.95 ಗ್ರಾಂ ಬರುತ್ತೆ. ಪುಸ್ತಕದ ಕೊನೇಲಿ 6.36 ಅಂತಿದೆ. ಮೂರು ಸಲ ಮಾಡಿದೆವು, ಬದಲಾಗಲಿಲ್ಲ. ಎಲ್ಲಿ ತಪ್ಪಿದೆವು?

ಉತ್ತರ 1:
ನಿಮ್ಮ ದಾರಿ ಸರಿಯಾಗಿದೆ. ಹರಳಿನೊಳಗಿನ ನೀರು ಬಿಟ್ಟುಹೋಗಿದೆ, ಅಷ್ಟೆ. ನೀಲಿ ಹರಳಲ್ಲಿ ಒಂದು ತಾಮ್ರಕ್ಕೆ ಐದು ನೀರಿನ ಅಣು ಇರುತ್ತವೆ. ಒಂದಕ್ಕೆ 18, ಐದಕ್ಕೆ 90. ಹಾಗಾಗಿ ಒಟ್ಟು 249.5. ಈಗ ಭಾಗಿಸಿ ನೋಡಿ, 6.36 ಬರುತ್ತೆ.

ಕಾಲೇಜಿನಲ್ಲಿ ನಾನು ಇದನ್ನು ಪ್ರನಾಳದಲ್ಲಿ ಕಾಯಿಸಿದ್ದೆ. ಹರಳು ಕೈಗೆ ಒಣಗಿದ ಕಲ್ಲಿನ ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಪ್ರನಾಳದ ಬಾಯಿ ಹತ್ತಿರ ಸಣ್ಣ ಸಣ್ಣ ಹನಿ ಕಟ್ಟಿದವು. ನೀಲಿ ಹೋಗಿ ಬೂದಿಯಂಥ ಬಿಳಿ ಪುಡಿ ಉಳಿಯಿತು. ಆರಿದ ಮೇಲೆ ಒಂದು ಹನಿ ನೀರು ಹಾಕಿದರೆ ಮತ್ತೆ ನೀಲಿ! ನಿಮ್ಮ 9.95 ಆ ಬಿಳಿ ಪುಡಿಯ ಉತ್ತರ.

ಉತ್ತರ 2:
ಇನ್ನೊಂದು ರೀತಿಯಲ್ಲೂ ತಾಳೆ ನೋಡಬಹುದು. 25 ಗ್ರಾಂ ಹರಳಲ್ಲಿ ಸುಮಾರು 9 ಗ್ರಾಂ ನೀರೇ. ಉಳಿದ 16 ಗ್ರಾಂಗೆ ನಿಮ್ಮದೇ ಲೆಕ್ಕ ಹಾಕಿ. ಹೆಚ್ಚುಕಡಿಮೆ ಅದೇ ಬರುತ್ತೆ.

ಪ್ರಶ್ನೆ ಕೇಳಿದವರು:
ಬಂತು! ಪ್ರಶ್ನೇಲಿ ‘ನೀಲಿ ಹರಳು’ ಅಂತ ಯಾಕೆ ಬರೆದಿದ್ದರು ಅಂತ ಮಗಳಿಗೆ ಈಗ ಗೊತ್ತಾಯ್ತು. ನನಗೂ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.