ರುಬ್ಬುವಾಗ ಮಿಕ್ಸಿ ನಿಂತುಬಿಡುತ್ತದೆ, ಮೋಟರ್ ಹೋಯಿತಾ?

ಪ್ರಶ್ನೆ, ಡೊಂಬಿವಲಿಯಿಂದ

ನಮ್ಮದು 750 ವ್ಯಾಟ್ ಮಿಕ್ಸಿ, ಆರು ವರ್ಷದ್ದು. ಕಳೆದ ವಾರದಿಂದ ನೀರ್ ದೋಸೆಗೆ ಅಕ್ಕಿ ಹಾಕಿದರೆ ಅರ್ಧ ನಿಮಿಷಕ್ಕೆ ಗುಂಯ್ ಎಂದು ನಿಂತುಬಿಡುತ್ತದೆ. ತಳದ ಕೆಂಪು ಬಟನ್ ಒತ್ತಿದರೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಸುಟ್ಟ ವಾಸನೆಯೂ ಇದೆ. ದೊಡ್ಡ ಜಾರ್ ಎತ್ತಿದರೆ ಕೆಳಗೆ ಕಪ್ಪು ನೀರು. ಹತ್ತಿರದ ಅಂಗಡಿಯವರು ಬಿಚ್ಚಿಯೂ ನೋಡದೆ ಮೋಟರ್ ಹೋಗಿದೆ, ಹೊಸದು ತಗೊಳ್ಳಿ ಎಂದರು. ಅಮ್ಮ ಊರಿಂದ ಬಂದಾಗ ಕೊಡಿಸಿದ ಮಿಕ್ಸಿ ಇದು. ಬಿಸಾಡಲು ಮನಸ್ಸು ಬರುತ್ತಿಲ್ಲ.

ಉತ್ತರ, ಪುಣೆಯ ಚಿಂಚವಡದಿಂದ

ಬಿಸಾಡಬೇಡಿ. ಕಪ್ಪು ನೀರು ಎಂದು ಓದಿದ ಕೂಡಲೇ ನನಗೆ ಜಾರ್ ಮೇಲೆ ಅನುಮಾನ ಬಂತು.

ಮೊದಲು ಒಂದು ಕೆಲಸ ಮಾಡಿ. ಜಾರ್ ಇಡದೆ ಮಿಕ್ಸಿಯನ್ನು ಐದು ಸೆಕೆಂಡ್ ಓಡಿಸಿ. ಒಂದೇ ಸಮ ಸದ್ದು ಬಂದರೆ ಮೋಟರ್ ಮಟ್ಟಿಗೆ ಅರ್ಧ ಭಯ ಬಿಡಬಹುದು. ಆಮೇಲೆ ಪ್ಲಗ್ ಕಿತ್ತು, ಖಾಲಿ ಜಾರ್ ಬೋರಲು ಹಾಕಿ ತಳದ ಕಪ್ಲರನ್ನು, ಅಂದರೆ ಮೋಟರಿಗೆ ಕೂಡಿಕೊಳ್ಳುವ ಹಲ್ಲಿನ ತುಂಡನ್ನು, ಬೆರಳಿನಿಂದ ತಿರುಗಿಸಿ. ಒಳಗೆ ಕೈ ಹಾಕಿ ಬ್ಲೇಡ್ ಹಿಡಿಯಬೇಡಿ. ಚಟ್ನಿ ಜಾರ್‌ನದೂ ಹಾಗೆಯೇ ನೋಡಿ. ಚಟ್ನಿ ಜಾರ್‌ನದು ಸಲೀಸಾಗಿ ತಿರುಗಿ, ದೊಡ್ಡದು ಬಿಗಿಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಬ್ಲೇಡಿನ ಕಡ್ಡಿ ಜಾರ್ ತಳದಲ್ಲಿ ಒಂದು ಬುಶ್, ಅಂದರೆ ಸಣ್ಣ ಲೋಹದ ಕೊಳವೆಯ ಒಳಗೆ ತಿರುಗುತ್ತದೆ. ಅಲ್ಲಿನ ವಾಷರ್ ಸವೆದರೆ ಹಿಟ್ಟಿನ ನೀರು ಒಳಗೆ ಇಳಿಯುತ್ತದೆ, ಒಣಗಿ ಅಂಟುತ್ತದೆ, ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಕಡ್ಡಿ ಬಿಗಿಯಾದಾಗ ಮೋಟರ್ ಎರಡು ಪಟ್ಟು ಕಷ್ಟಪಡುತ್ತದೆ, ಬಿಸಿಯಾಗುತ್ತದೆ. ಆಗ ಓವರ್‌ಲೋಡ್ ಸ್ವಿಚ್, ಅಂದರೆ ನಿಮ್ಮ ಕೆಂಪು ಬಟನ್, ಕರೆಂಟ್ ಕಡಿದು ಮೋಟರನ್ನು ಕಾಪಾಡುತ್ತದೆ. ಅದು ಹಾರಿದ ತಕ್ಷಣ ಮತ್ತೆ ಮತ್ತೆ ಒತ್ತುವುದೇ ತಪ್ಪು. ನಾಬ್ ಸೊನ್ನೆಗೆ ತಂದು, ಹತ್ತು ನಿಮಿಷ ಆರಲು ಬಿಟ್ಟು, ಅಕ್ಕಿ ಕಡಿಮೆ ಮಾಡಿ ಆಮೇಲೆ ಒತ್ತಿ.

ಕಪ್ಪು ನೀರು ಬುಶ್ ಸವೆದ ಲೋಹದ ಪುಡಿ, ತುಕ್ಕು, ಗ್ರೀಸ್ ಸೇರಿದ್ದು. ಹಿಟ್ಟಿನಲ್ಲೂ ಬೂದು ಗೆರೆ ಕಂಡರೆ ದಯವಿಟ್ಟು ಆ ಹಿಟ್ಟು ಚೆಲ್ಲಿಬಿಡಿ. ಬಿಗಿ ಬಿಡಲೆಂದು ಹೊಲಿಗೆ ಮಿಷನ್ ಎಣ್ಣೆ ಹಾಕುವವರಿದ್ದಾರೆ. ಹಾಕಬೇಡಿ, ಅದು ಊಟಕ್ಕೆ ಇಳಿಯುತ್ತದೆ.

ಮಿಕ್ಸಿ ಹೊತ್ತುಕೊಂಡು ಹೋಗುವುದೂ ಬೇಡ. ಜಾರ್ ಮಾತ್ರ ಚೀಲಕ್ಕೆ ಹಾಕಿಕೊಂಡು ಹೋಗಿ ಬುಶ್, ಕಡ್ಡಿ, ವಾಷರ್ ಮೂರನ್ನೂ ಒಟ್ಟಿಗೆ ಬದಲಿಸಿಕೊಳ್ಳಿ. ವಾಷರ್ ಒಂದನ್ನೇ ಹಾಕಿಸಿದರೆ ಸವೆದ ಕಡ್ಡಿ ಅದನ್ನು ಬೇಗ ತಿಂದುಹಾಕುತ್ತದೆ. ನಿಮ್ಮ ಕಡೆ ಸಿಗದಿದ್ದರೆ ಮುಂಬೈಯ ಕರೆಂಟ್ ಸಾಮಾನಿನ ಪೇಟೆ ಲೋಹಾರ್ ಚಾಲ್‌ನಲ್ಲಿ ಕೇಳಿ. ಇಲ್ಲಿ ಪುಣೆಯಲ್ಲಿ ನಾವು ಅಂಥದೇ ಪೇಟೆಯಾದ ತಪಕೀರ್ ಗಲ್ಲಿಗೆ ಹೋಗುತ್ತೇವೆ. ಬಾಯಲ್ಲಿ ಮಾಡೆಲ್ ಹೇಳುವುದಕ್ಕಿಂತ ಹಳೆಯ ಭಾಗ ತೋರಿಸುವುದು ಒಳ್ಳೆಯದು.

ವಾಸ್ಕೋದಿಂದ

ನನ್ನದು ಬೇರೆ ತರಹ. ಮೋಟರ್ ಜೋರಾಗಿ ಓಡುತ್ತದೆ, ಬ್ಲೇಡ್ ಮಾತ್ರ ನಿಂತೇ ಇರುತ್ತದೆ. ರಬ್ಬರ್ ಸುಟ್ಟ ವಾಸನೆ. ಕೆಲವೊಮ್ಮೆ ಗಾಳಿ ತೂತಿನಲ್ಲಿ ಕಿಡಿಯೂ ಕಾಣುತ್ತದೆ.

ಚಿಂಚವಡದಿಂದ

ಎರಡೂ ಬೇರೆ ಬೇರೆ ಕಾಯಿಲೆ. ರಬ್ಬರ್ ವಾಸನೆ ಮಿಕ್ಸಿಯ ಮೇಲೆ ಜಾರ್ ಕೂರುವ ಕಡೆಯ ಕಪ್ಲರ್‌ನದು. ಅದರ ಹಲ್ಲು ಸವೆದು ಜಾರುತ್ತಿದೆ. ಪ್ಲಗ್ ಕಿತ್ತ ಮೇಲೆಯೇ ಬಿಚ್ಚಿ. ಹಲವು ಮಾಡೆಲ್‌ಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಅದಕ್ಕೇ ಜನ ಬಲ ಹಾಕಿ ಮುರಿಯುವುದು. ಹಾಗೆಯೇ ಜಾರ್ ಬೋರಲು ಹಾಕಿ ಅದರ ತಳದ ಕಪ್ಲರನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಜಾರ್ ಬಿಗಿಯಿದ್ದರೆ ಹೊಸ ಕಪ್ಲರ್ ಕೂಡ ಬೇಗ ಸವೆಯುತ್ತದೆ.

ಕಿಡಿ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಶ್‌ಗಳದ್ದು. ಸಣ್ಣ ನೀಲಿ ಕಿಡಿ ಸಹಜ. ದೊಡ್ಡ ಹಳದಿ ಕಿಡಿ ಬಂದರೆ, ತಟ್ಟಿದಾಗ ಮಾತ್ರ ಓಡಿದರೆ, ಬ್ರಶ್ ಸವೆದಿದೆ ಎಂದುಕೊಳ್ಳಿ. ಎರಡನ್ನೂ ಜೊತೆಯಾಗಿ ಬದಲಿಸಬೇಕು. ಇದು ಬಲ್ಲವರ ಕೈಯಲ್ಲಿ ಮಾಡಿಸಿ.

ಡೊಂಬಿವಲಿಯಿಂದ, ನಾಲ್ಕು ದಿನದ ನಂತರ

ನೀವು ಹೇಳಿದ್ದೇ ನಿಜ. ಚಟ್ನಿ ಜಾರ್ ಚೆನ್ನಾಗಿ ತಿರುಗಿತು, ದೊಡ್ಡದು ಅಲುಗಲೇ ಇಲ್ಲ. ಬುಶ್, ಕಡ್ಡಿ, ವಾಷರ್ ಹಾಕಿಸಿದೆ. ಇವತ್ತು ಬೆಳಿಗ್ಗೆ ನೀರ್ ದೋಸೆ ಆಯಿತು, ವಾಸನೆಯೂ ಇಲ್ಲ. ಇನ್ನು ಮುಂದೆ ಏನು ಎಚ್ಚರ ತಗೊಳ್ಳಬೇಕು?

ಚಿಂಚವಡದಿಂದ

ತುಂಬಾ ಖುಷಿಯಾಯಿತು! ರುಬ್ಬಿದ ತಕ್ಷಣ ಜಾರ್‌ಗೆ ಅರ್ಧ ಲೋಟ ನೀರು ಹಾಕಿ, ನಾಬನ್ನು ಹಿಂದಕ್ಕೆ ಎರಡು ಸಲ ತಿರುಗಿಸಿ. ತೊಳೆದು ಬೋರಲು ಇಡಿ, ತಳದಲ್ಲಿ ನೀರು ನಿಲ್ಲಬಾರದು. ಲೇಬಲ್‌ನಲ್ಲಿ 30 ನಿಮಿಷ ಎಂದಿದ್ದರೆ ಒಂದೇ ಸಮ 30 ನಿಮಿಷ ಎಂದು ಅರ್ಥವಲ್ಲ, ನಡುನಡುವೆ ಬಿಡುವು ಕೊಡಬೇಕು. ಅಕ್ಕಿ ಅರ್ಧ ಜಾರ್‌ಗಿಂತ ಜಾಸ್ತಿ ಬೇಡ, ಎರಡು ಸಲ ರುಬ್ಬಿ.