ರಾತ್ರಿ ಟ್ಯಾಂಕ್ ನೀರು ಎಲ್ಲಿಗೆ ಹೋಗುತ್ತಿತ್ತು

ಚಿಕ್ಕಮ್ಮ, ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಅಮ್ಮನ ಫೋನಿಗೆ ಮೆಸೇಜ್ ಬರುತ್ತಲ್ಲ, ಅದನ್ನು ಎಲ್ಲಿ ತಂದಿರಿ ಅಂತ ನೆನ್ನೆ ಕೇಳಿದಿರಿ. ಸ್ವಲ್ಪ ಉದ್ದ ಆಗುತ್ತೆ, ಅಡುಗೆ ಮಾಡುತ್ತಾ ಕೇಳಿ.

ಅದು ತಂದಿದ್ದಲ್ಲ, ನಾನೇ ಮಾಡಿದ್ದು. ಸಾಮಾನು ಬೆಂಗಳೂರಿನ ಎಸ್.ಪಿ. ರೋಡಿನದು. ಇಎಸ್‌ಪಿ 8266 ಅಂತ ವೈಫೈ ಇರುವ ಪುಟ್ಟ ಬೋರ್ಡು, ಒಂದು ಅಲ್ಟ್ರಾಸಾನಿಕ್ ಸೆನ್ಸರ್, ಮನೆಯಲ್ಲಿದ್ದ ಹಳೇ ಮೊಬೈಲ್ ಚಾರ್ಜರ್. ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುತ್ತಲ್ವಾ, ಅದೇ ಲೆಕ್ಕ. ಸೆನ್ಸರ್ ನಮಗೆ ಕೇಳಿಸದ ಸದ್ದು ಮಾಡುತ್ತೆ, ಅದು ನೀರಿಗೆ ಬಡಿದು ವಾಪಸ್ ಬರುತ್ತೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತೆ. ಹೋಗಿ ಬಂದ ಹೊತ್ತಿನಲ್ಲಿ ಅರ್ಧ ಹಿಡಿದರೆ ನೀರು ಎಷ್ಟು ಕೆಳಗಿದೆ ಅಂತ ಗೊತ್ತಾಗುತ್ತೆ. ನಾನು ಬರೆದ ಪ್ರೋಗ್ರಾಂ ಐದು ನಿಮಿಷಕ್ಕೊಮ್ಮೆ ಅಳತೆ ಬರೆದಿಟ್ಟುಕೊಳ್ಳುತ್ತೆ, ಟ್ಯಾಂಕ್ ತುಂಬಿದರೆ ಟೆಲಿಗ್ರಾಂಗೆ ಮೆಸೇಜ್ ಹಾಕುತ್ತೆ, ಅಷ್ಟೇ.

ಮೊದಲು ಹಾಕಿದ ಸೆನ್ಸರ್ ಟ್ಯಾಂಕಿನ ತೇವಕ್ಕೆ ಮೂರೇ ವಾರದಲ್ಲಿ ಹಾಳಾಯಿತು. ಈಗಿನದು ನೀರು ತಾಗಿದರೂ ಕೆಡಲ್ಲ. ಆದರೆ 20–25 ಸೆಂಟಿಮೀಟರಿಗಿಂತ ಹತ್ತಿರ ಇರುವುದು ಅದಕ್ಕೆ ಗೊತ್ತಾಗಲ್ಲ, ಹಾಗಾಗಿ ಮುಚ್ಚಳಕ್ಕಿಂತ ಮೇಲೆ ಎತ್ತಿ ಕೂರಿಸಿದ್ದೇನೆ.

ಮೋಟಾರ್ ಆಫ್ ಮಾಡುವುದು ಮರೆತು ನೀರು ಚೆಲ್ಲಬಾರದು ಅಂತ ಇದನ್ನು ಶುರು ಮಾಡಿದ್ದು. ಒಂದು ವಾರದ ಅಳತೆ ತೆಗೆದು ನೋಡಿದರೆ, ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೂ, ಎಲ್ಲರೂ ಮಲಗಿರುವಾಗ, ನೀರು ಒಂದೇ ಸಮ ಇಳಿಯುತ್ತಿದೆ! ದಿನಾ ರಾತ್ರಿ ನಾಲ್ಕು ಸೆಂಟಿಮೀಟರ್. ನಮ್ಮದು 1,000 ಲೀಟರಿನ ದುಂಡು ಟ್ಯಾಂಕ್, 110 ಸೆಂಟಿಮೀಟರ್ ಅಗಲ. ಒಂದು ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ ಒಂಬತ್ತೂವರೆ ಲೀಟರ್. ಆರು ಗಂಟೆಗೆ 38 ಲೀಟರ್ ಆಯಿತು. ಹಗಲೂ ಸೇರಿಸಿದರೆ ದಿನಕ್ಕೆ 150 ಲೀಟರ್, ಅದೂ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ. ನನಗೆ ತುಂಬಾ ಬೇಜಾರಾಯಿತು.

ಅಮ್ಮ ನಲ್ಲಿಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಒಂದೂ ತೊಟ್ಟಿಕ್ಕುತ್ತಿರಲಿಲ್ಲ. ಕೊನೆಗೆ ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟು, ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಸುಮ್ನೆ ಕಾದೆವು. ಹೋಗಿ ನೋಡಿದರೆ ಕಮೋಡಿನೊಳಗೆ ನೀಲಿ ಗೆರೆ. ಒಳಗಿನ ರಬ್ಬರ್ ವಾಷರ್ ಸವೆದು ಸದ್ದೇ ಇಲ್ಲದೆ ಸೋರುತ್ತಿತ್ತು. ಪ್ಲಂಬರ್ ಹತ್ತು ನಿಮಿಷದಲ್ಲಿ ಬೇರೆ ಹಾಕಿದರು. ಆ ರಾತ್ರಿ ಅಳತೆ ಒಂಚೂರೂ ಕದಲಲಿಲ್ಲ, ಅಮ್ಮ ಬೆಳಗ್ಗೆ ಎದ್ದ ತಕ್ಷಣ ಫೋನ್ ತೋರಿಸಿದರು.

ಮೋಟಾರ್ ತಾನೇ ಆನ್ ಆಗುವ ಹಾಗೆ ಮಾಡು ಅಂತ ಭಾವ ಹೇಳುತ್ತಿದ್ದಾರೆ. ನನಗೆ ಈಗಲೇ ಧೈರ್ಯವಿಲ್ಲ. ಸಂಪು ಖಾಲಿ ಇರುವಾಗ ಓಡಿದರೆ ಮೋಟಾರ್ ಸುಟ್ಟು ಹೋಗಬಹುದು. ಸಂಪಿಗೂ ಒಂದು ಸೆನ್ಸರ್ ಹಾಕುವವರೆಗೆ ಸ್ವಿಚ್ಚು ಅಮ್ಮನ ಕೈಯಲ್ಲೇ ಇರಲಿ.

ನಿಮ್ಮ ಮನೆಗೂ ಮಾಡಿಕೊಡುತ್ತೇನೆ ಚಿಕ್ಕಮ್ಮ. ಟ್ಯಾಂಕಿನ ಎತ್ತರ, ಅಗಲ ಟೇಪ್ ಹಿಡಿದು ಅಳೆದು ಕಳಿಸಿ. ಮಹಡಿ ಮೇಲೆ ವೈಫೈ ಸಿಗುತ್ತಾ ಅಂತಾನೂ ನೋಡಿ. ನೀಲಿ ಹಾಕಿ ನೋಡುವುದಕ್ಕೆ ಮಾತ್ರ ನಾನು ಬರುವವರೆಗೆ ಕಾಯಬೇಡಿ, ಇವತ್ತು ರಾತ್ರಿಯೇ ಹಾಕಿ ನೋಡಿ.