ನಿವೃತ್ತ ಎಸ್‌ಪಿಯವರನ್ನು ಕೇಳಿ: ಡಿವೈಎಸ್ಪಿ ಆಗಿ ಸೇರಿದರೆ ಮುಂದೇನು?

ಪ್ರಶ್ನೆ: ಸರ್, ನಮಸ್ಕಾರ. ನನ್ನ ತಂಗಿ ಕೆಪಿಎಸ್‌ಸಿಗೆ ಓದುತ್ತಿದ್ದಾಳೆ, ಡಿವೈಎಸ್ಪಿ ಆಗುವ ಆಸೆ. ಅಪ್ಪ ಮಾತ್ರ "ಅಷ್ಟು ಕಷ್ಟಪಡೋದಾದ್ರೆ ಯುಪಿಎಸ್‌ಸಿನೇ ಬರಿ, ಸೀದಾ ಐಪಿಎಸ್ ಆಗು" ಅಂತ ಹಟ ಹಿಡಿದಿದ್ದಾರೆ. ಡಿವೈಎಸ್ಪಿಗಳು ಐಪಿಎಸ್ ಆಗುವುದಿಲ್ವಾ? ಎಸ್‌ಪಿ ಆದವರು ದಿನವಿಡೀ ಏನು ಮಾಡುತ್ತಾರೆ?

ಉತ್ತರ: ಆಗುತ್ತಾರಮ್ಮ, ನಾನೇ ಆ ದಾರಿಯಲ್ಲಿ ಬಂದವನು. ಐಪಿಎಸ್‌ನ ಹಿರಿಯ ಹುದ್ದೆಗಳಲ್ಲಿ ಮೂರರಲ್ಲಿ ಒಂದು ಪಾಲು ರಾಜ್ಯ ಸೇವೆಯಿಂದ ಬಡ್ತಿ ಪಡೆದವರಿಗೆ ಅಂತ ಇದೆ. ಡಿವೈಎಸ್ಪಿ ಆಗಿ 8 ವರ್ಷ ಆದ ಮೇಲೆ ಅರ್ಹತೆ. ಆದರೆ ಅರ್ಹತೆ ಬೇರೆ, ಸಿಗುವುದು ಬೇರೆ. ಸೀನಿಯಾರಿಟಿ ಪಟ್ಟಿ, ಖಾಲಿ ಹುದ್ದೆ, ಯಾರೋ ಹಾಕಿದ ಕೇಸು, ಇದೆಲ್ಲ ಮುಗಿಯುವಷ್ಟರಲ್ಲಿ ತಲೆಕೂದಲು ಬೆಳ್ಳಗಾಗಿರುತ್ತದೆ. ನೇರ ಐಪಿಎಸ್ ಆದವರು ಹೈದರಾಬಾದಿನ ಅಕಾಡೆಮಿ ಮುಗಿಸಿ ಎಎಸ್‌ಪಿಯಾಗಿ ಸಬ್‌ಡಿವಿಜನ್‌ಗೆ ಬರುತ್ತಾರೆ, ಚಿಕ್ಕ ವಯಸ್ಸಿಗೇ ಜಿಲ್ಲೆ ಸಿಗುತ್ತದೆ. 14 ವರ್ಷಕ್ಕೆ ಡಿಐಜಿ, 18ಕ್ಕೆ ಐಜಿ, 25ಕ್ಕೆ ಎಡಿಜಿಪಿ ಆಗಲು ಅರ್ಹರು. ನಮ್ಮಂಥವರು ಹೆಚ್ಚಾಗಿ ಎಸ್‌ಪಿ, ಅದೃಷ್ಟ ಇದ್ದರೆ ಡಿಐಜಿ ಅಥವಾ ಐಜಿ. ರಾಜ್ಯ ಪೊಲೀಸ್ ಮುಖ್ಯಸ್ಥರ, ಅಂದರೆ ಡಿಜಿ ಕುರ್ಚಿಯೇ ಬೇಕು ಅಂತಿದ್ದರೆ ಅಪ್ಪ ಹೇಳಿದ್ದು ಸರಿ.

ಇನ್ನು ಕೆಲಸ. ಬೆಳಗಿನ ಜಾವವೇ ಫೋನು, ರಾತ್ರಿ ಜಿಲ್ಲೆಯಲ್ಲಿ ಏನೇನಾಯಿತು ಅನ್ನುವ ವರದಿ. ಅಲ್ಲಿಂದ ಕಚೇರಿ, ಅಹವಾಲು, ಬಂದೋಬಸ್ತ್ ಪ್ಲಾನು, ಸಿಬ್ಬಂದಿ ರಜೆ. ಜನ ನೋಡುವುದು ಕಾರು, ಗನ್‌ಮ್ಯಾನ್, ಸೆಲ್ಯೂಟು. ನಿಜ ಹೇಳಬೇಕೆಂದರೆ ಎಸ್‌ಪಿ ಕೆಲಸದ ಮುಕ್ಕಾಲು ಪಾಲು ಬೇರೆಯವರು ಬರೆದದ್ದನ್ನು ಓದುವುದೇ. ಒಂದು ಸಲ ಕ್ರೈಂ ಮೀಟಿಂಗ್‌ಗೆ ಮುಂಚೆ ಎರಡು ಫೈಲು ಒಟ್ಟಿಗೆ ತಿರುವಿ ಹಾಕುತ್ತಿದ್ದೆ, ಒಬ್ಬನೇ ಪಂಚ (ಪೊಲೀಸರ ಸ್ಥಳ ಪರಿಶೀಲನೆಗೆ ಸಾಕ್ಷಿಯಾಗುವವನು) ಒಂದೇ ದಿನ ಒಂದೇ ಹೊತ್ತಿಗೆ ಎರಡು ಊರಿನ ಪಂಚನಾಮೆಗೆ ಸಹಿ ಹಾಕಿದ್ದ, ಊರುಗಳ ನಡುವೆ ಬಸ್ಸಿನಲ್ಲಿ ಒಂದು ಗಂಟೆ ದಾರಿ! ಕೋರ್ಟಿನಲ್ಲಿ ಡಿಫೆನ್ಸ್ ವಕೀಲರಿಗೆ ಅಷ್ಟೇ ಸಾಕು, ಎರಡೂ ಕೇಸು ಬಿದ್ದುಹೋಗುತ್ತಿದ್ದವು. ಹೀಗೆ ಬರೆದವರು ಯಾರು, ಯಾಕೆ ಹೀಗೆ ಬರೆಯುತ್ತಾರೆ ಅಂತ ಗೊತ್ತಾಗಬೇಕಾದರೆ ಸ್ಟೇಷನ್‌ನಲ್ಲಿ ಕೂತಿರಬೇಕು. ತಂಗಿಗೆ ಹೇಳಿ, ಪ್ರೊಬೇಷನ್‌ನಲ್ಲಿ ಠಾಣೆ ಕೊಟ್ಟಾಗ ಠಾಣೆಯ ಕಾಗದಪತ್ರ ಬರೆಯುವ ರೈಟರ್ ಪಕ್ಕದಲ್ಲೇ ಕೂರಲಿ. ಮೈಸೂರಿನ ಅಕಾಡೆಮಿಯಲ್ಲಿ ಕಾನೂನು ಕಲಿಸುತ್ತಾರೆ, ಇದನ್ನು ಕಲಿಸುವವರು ರೈಟರ್‌ಗಳೇ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ದೊಡ್ಡ ಅಧಿಕಾರಿಗಳು ಸ್ವತಃ ತನಿಖೆ ಮಾಡುವುದೇ ಇಲ್ಲವಾ? ಸುಮ್ನೆ ಓದಿ ಸಹಿ ಹಾಕುವುದಾ?

ಉತ್ತರ: ಸುಮ್ನೆ ಅಲ್ಲ ಸ್ವಾಮಿ! ಎಸ್‌ಸಿ, ಎಸ್‌ಟಿ ದೌರ್ಜನ್ಯ ಕೇಸುಗಳನ್ನು ನಿಯಮದ ಪ್ರಕಾರ ಡಿವೈಎಸ್ಪಿಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸ್ಥಳಕ್ಕೆ ಹೋಗಬೇಕು, ಸಾಕ್ಷಿಗಳ ಹೇಳಿಕೆ ಬರೆಯಬೇಕು. ಎಸ್‌ಪಿ ಮೇಲುಸ್ತುವಾರಿ ನೋಡುತ್ತಾರೆ, ಆದರೆ ಗಡುವು ತಪ್ಪಿದರೆ ಉತ್ತರ ಕೊಡಬೇಕಾದವರೂ ಅವರೇ. ಆರೋಪಿ ಜೈಲಿನಲ್ಲಿದ್ದಾಗ ಕೇಸಿಗೆ ತಕ್ಕಂತೆ 60 ಇಲ್ಲವೇ 90 ದಿನದೊಳಗೆ ಚಾರ್ಜ್‌ಶೀಟ್ ಹೋಗದಿದ್ದರೆ ಅವನಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಅದಕ್ಕೇ ಮೀಟಿಂಗ್‌ನಲ್ಲಿ ನನ್ನ ಮೊದಲ ಪ್ರಶ್ನೆ "ಎಷ್ಟು ದಿನ ಆಯ್ತ್ರೀ?" ಅಂತಲೇ ಇರುತ್ತಿತ್ತು.

ಪ್ರಶ್ನೆ: ಎಸ್‌ಪಿ ದೊಡ್ಡವರಾ, ಪೊಲೀಸ್ ಕಮಿಷನರ್ ದೊಡ್ಡವರಾ?

ಉತ್ತರ: ರ‍್ಯಾಂಕ್‌ನಲ್ಲಿ ಕಮಿಷನರ್. ಆದರೆ ವ್ಯತ್ಯಾಸ ಅಧಿಕಾರದಲ್ಲೂ ಇದೆ. ಜಿಲ್ಲೆಯಲ್ಲಿ ನಿಷೇಧಾಜ್ಞೆ ಬೇಕೆಂದರೆ ಎಸ್‌ಪಿ ಡಿಸಿಗೆ ಪತ್ರ ಬರೆಯಬೇಕು. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಕಡೆ ಕಮಿಷನರ್ ತಾವೇ ಹೊರಡಿಸಬಹುದು. ಎಲ್ಲರೂ 144 ಅಂತೀರಲ್ಲ, 2024ರ ಜುಲೈ 1ರಿಂದ ಅದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ನನ್ನ ಬಾಯಲ್ಲೂ ಇನ್ನೂ 144 ಅಂತಲೇ ಬರುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ತಂಗಿಗೆ ತೋರಿಸಿದೆ ಸರ್, ಥ್ಯಾಂಕ್ಸ್. ಅಮ್ಮನ ಚಿಂತೆ ಬೇರೆ: ಹೆಣ್ಣುಮಗಳು, ಟ್ರಾನ್ಸ್‌ಫರ್ ಜಾಸ್ತಿ ಅಲ್ವಾ?

ಉತ್ತರ: ಜಾಸ್ತಿನೇ. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಸ್‌ಪಿ, ಠಾಣಾಧಿಕಾರಿಗಳಿಗೆಲ್ಲ ಕನಿಷ್ಠ 2 ವರ್ಷ ಒಂದೇ ಕಡೆ ಇರಿಸಿ ಅಂತ ಹೇಳಿತು. ನನಗೆ ಒಂದು ಜಿಲ್ಲೆಯಲ್ಲಿ ಸಿಕ್ಕಿದ್ದು 7 ತಿಂಗಳು, ಪೆಟ್ಟಿಗೆ ಪೂರ್ತಿ ಬಿಚ್ಚಿಯೂ ಇರಲಿಲ್ಲ. ಮಗ ಮೂರು ಸ್ಕೂಲು ಬದಲಿಸಿದ ಮೇಲೆ ಹೆಂಡತಿ ಮಕ್ಕಳು ಒಂದು ಊರಲ್ಲಿ, ನಾನು ಇನ್ನೊಂದರಲ್ಲಿ. ಅಮ್ಮನ ಚಿಂತೆ ಸುಳ್ಳಲ್ಲ. ಆದರೆ ಅದು ಗಂಡಸರಿಗೂ ಇದೆ. ಇನ್ನು ಹೆಣ್ಣುಮಗಳು ಅನ್ನುವುದಕ್ಕೆ, 2017ರಲ್ಲಿ ನೀಲಮಣಿ ರಾಜು ಅವರು ನಮ್ಮ ರಾಜ್ಯದ ಮೊದಲ ಮಹಿಳಾ ಡಿಜಿ ಮತ್ತು ಐಜಿಪಿ ಆದರು, ಆ ಹೆಸರು ಅಮ್ಮನಿಗೆ ಹೇಳಿ.

ಪ್ರಶ್ನೆ: ಕೊನೇದು ಸರ್. ಇನ್ಸ್‌ಪೆಕ್ಟರ್‌ಗೂ ಮೂರು ಸ್ಟಾರ್, ಡಿವೈಎಸ್ಪಿಗೂ ಮೂರು ಸ್ಟಾರ್. ಗುರುತು ಹಿಡಿಯುವುದು ಹೇಗೆ?

ಉತ್ತರ: ಹೆಗಲ ಪಟ್ಟಿಯ ತುದಿ ನೋಡಿ. ಕೆಂಪು-ನೀಲಿ ರಿಬ್ಬನ್ ಇದ್ದರೆ ಇನ್ಸ್‌ಪೆಕ್ಟರ್, ಇಲ್ಲದಿದ್ದರೆ ಡಿವೈಎಸ್ಪಿ. ಬಡ್ತಿ ಸಿಕ್ಕ ದಿನ ನಮ್ಮ ಇನ್ಸ್‌ಪೆಕ್ಟರ್ ಒಬ್ಬರ ತಾಯಿ "ಅದೇ ಮೂರು ಸ್ಟಾರು, ಇದ್ದ ರಿಬ್ಬನ್ನೂ ಕಿತ್ಕೊಂಡ್ರಾ?" ಅಂತ ಕೇಳಿದ್ದರಂತೆ.